ತೊತ್ತೋಚಾನ್ ಕೂತ ಕೋಣೆ

ಪ್ರೀತಿಯ ಪುಟ್ಟೀ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಮೊದಲ ಸಲ ಕೇಳುವಾಗ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು, ಗೊತ್ತೇ ಆಗಲಿಲ್ಲ. ‘ಚಾನೆಲ್‌ನವರಿಗೆ ಹೊಸ ಮುಖ ಬೇಕಂತೆ ಅಕ್ಕಾ, ನನಗೆ ಮೂವತ್ತೆಂಟಾಯ್ತಲ್ಲ’ ಅಂತ ನಗುತ್ತಲೇ ಹೇಳಿದ್ದೀಯ. ಆ ನಗು ನನಗೆ ಗೊತ್ತು ಕಣೇ. ಏಳನೇ ಕ್ಲಾಸಿನಲ್ಲಿ ಭಾಷಣದ ಬಹುಮಾನ ತಪ್ಪಿದಾಗಲೂ ಎಲ್ಲರ ಮುಂದೆ ಹೀಗೇ ನಕ್ಕು, ರಾತ್ರಿ ನನ್ನ ಕಂಬಳಿಯೊಳಗೆ ನುಸುಳಿ ಅತ್ತಿದ್ದೆ.

ಇಲ್ಲಿ ಅಡಿಕೆ ಸುಲಿತ ಮುಗಿಯುತ್ತಾ ಬಂತು. ಚಿಕ್ಕಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ, ಆದರೆ ನಿನ್ನ ಸುದ್ದಿ ಕೇಳಿದಾಗಿನಿಂದ ಊಟ ಸರಿಯಾಗಿ ಮಾಡುತ್ತಿಲ್ಲ. ನಿನ್ನೆ ರಾತ್ರಿ ನಿದ್ದೆ ಬಾರದೆ ಕಪಾಟು ತೆಗೆದಾಗ ‘ತೊತ್ತೋಚಾನ್’ ಕೈಗೆ ಸಿಕ್ಕಿತು. ನಿನಗೆ ಅಂತ ತಂದು, ನಾನೇ ಇಟ್ಟುಕೊಂಡ ಅದೇ ಪ್ರತಿ. ರೈಲಿನ ಡಬ್ಬಿಗಳಲ್ಲಿ ಪಾಠ ನಡೆಯುತ್ತಿದ್ದ ಆ ಶಾಲೆಯ ಕಥೆಯನ್ನು ಕನ್ನಡದಲ್ಲಿ ಓದಿ ಬೆಳೆದವರು ನಮ್ಮಲ್ಲಿ ಎಷ್ಟೊಂದು ಜನ! ಆದರೆ ಆ ತುಂಟ ಹುಡುಗಿ ದೊಡ್ಡವಳಾದ ಮೇಲೆ ಏನಾದಳು ಅಂತ ನಾವು ಹೆಚ್ಚು ವಿಚಾರಿಸಲೇ ಇಲ್ಲ. ಅವಳು ಆಗಿದ್ದು ನಿನ್ನ ಹಾಗೆ ಟಿವಿ ಕಸುಬಿನವಳೇ, ಪುಟ್ಟೀ.

ಆ ತೊತ್ತೋಚಾನ್, ಅಂದರೆ ತೆತ್ಸುಕೋ ಕುರೋಯಾನಗಿ, ಹುಟ್ಟಿದ್ದು 1933ರಲ್ಲಿ, ಟೋಕಿಯೋದಲ್ಲಿ. ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾದದ್ದು 1953ರಲ್ಲಿ. ಎನ್‌ಎಚ್‌ಕೆ ಸಂಸ್ಥೆ ಹೊಸ ಕಲಾವಿದರನ್ನು ಹುಡುಕುತ್ತಿದ್ದ ಆ ದಿನಗಳಲ್ಲೇ ಇವರು ಅರ್ಜಿ ಹಾಕಿದರು. ಯಾಕೆ ಗೊತ್ತಾ? ಮುಂದೆ ಮಕ್ಕಳಾದರೆ ಅವರಿಗೆ ಚಿತ್ರಪುಸ್ತಕವನ್ನು ಚೆನ್ನಾಗಿ ಓದಿ ಹೇಳುವ ಅಮ್ಮನಾಗಬೇಕು, ಅದನ್ನು ಅಲ್ಲಿ ಕಲಿಸಬಹುದು ಅಂತ. ಇಷ್ಟು ಮುದ್ದಾದ ಕಾರಣಕ್ಕೆ ಟಿವಿಗೆ ಬಂದವರು ಇನ್ನೊಬ್ಬರಿರಲಿಕ್ಕಿಲ್ಲ.

ಒಳಗೆ ಹೋದ ಮೇಲೆ ಬರೀ ಬೈಗುಳ. ದನಿ ಒಂಥರಾ, ಮಾತು ತೀರಾ ವೇಗ. ಗುಂಪಿನ ದೃಶ್ಯದಲ್ಲಿ ನಿಲ್ಲಿಸಿದರೆ ಇವರೊಬ್ಬರೇ ಎದ್ದು ಕಾಣುತ್ತಾರೆ, ಹಾಗಾಗಿ ‘ನೀನು ಮನೆಗೆ ಹೋಗು’. (ಮಾತಿನ ವೇಗದ ವಿಷಯ ಬಂದಾಗ ನಿನ್ನ ಮುಖ ನೆನಪಾಯಿತು, ಸಿಟ್ಟಾಗಬೇಡ. ನೀನು ‘ನಮಸ್ಕಾರ ವೀಕ್ಷಕರೇ’ ಅನ್ನುವುದರೊಳಗೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡಿರುವುದಿಲ್ಲ.) ತನ್ನ ಮಾತಿನ ರೀತಿಯನ್ನು ತಿದ್ದಿಕೊಳ್ಳಲು ಒದ್ದಾಡುತ್ತಿದ್ದ ಆ ಹುಡುಗಿಗೆ 1954ರಲ್ಲಿ ಒಂದು ಮಕ್ಕಳ ರೇಡಿಯೋ ನಾಟಕ ಸಿಕ್ಕಿತು, ಮೂರು ಮಂಗನ ಮರಿಗಳ ಕಥೆ. ಅದನ್ನು ಬರೆದ ಈಜಾವಾ ತದಾಸು ಇವರಿಗೆ ಹೇಳಿದ್ದು ಇಷ್ಟೇ: ಏನನ್ನೂ ತಿದ್ದಿಕೊಳ್ಳಬೇಡ, ನೀನು ಹೇಗಿದ್ದೀಯೋ ಹಾಗೇ ಇರು. ಆಮೇಲೆ ಇಡೀ ಜಪಾನಿಗೆ ಆ ದನಿ ಮನೆಮಾತಾಯಿತು.

ಇನ್ನೊಂದು ಸಂಗತಿಯನ್ನು ನೀನು ಈಗ ಕೇಳಲೇಬೇಕು. ಕೆಲಸ ಹೆಚ್ಚಾಗಿ, ನಿದ್ದೆಯಿಲ್ಲದೆ, ಅವರು ಒಮ್ಮೆ ಆಸ್ಪತ್ರೆ ಸೇರಿದರು. ಹಾಸಿಗೆಯಲ್ಲಿ ಮಲಗಿ ಟಿವಿ ನೋಡಿದರೆ, ತಾನಿರಬೇಕಾದ ಜಾಗದಲ್ಲಿ ಬೇರೆಯವರಿದ್ದಾರೆ. ಕಾರ್ಯಕ್ರಮ ಏನೂ ಆಗದ ಹಾಗೆ ನಡೆದುಕೊಂಡು ಹೋಗುತ್ತಿದೆ. ಹೊಟ್ಟೆಯೊಳಗೆ ಚಳಿ ಕೂತ ಹಾಗಾಗುವ ಆ ಅನುಭವ ನಿನಗೂ ಈಗ ಆಗುತ್ತಿದೆ ಅಲ್ಲವಾ? ಮುಂದೆ 1971ರಲ್ಲಿ, ಬೇಡಿಕೆ ತುಂಬಿ ತುಳುಕುತ್ತಿದ್ದಾಗಲೇ, ಅವರು ಎಲ್ಲವನ್ನೂ ನಿಲ್ಲಿಸಿ ಒಂದು ವರ್ಷ ನ್ಯೂಯಾರ್ಕಿಗೆ ಹೋಗಿ ವಿದ್ಯಾರ್ಥಿನಿಯಾಗಿ ನಟನೆ ಕಲಿತರು. ಆಗ ಅವರಿಗೆ ವಯಸ್ಸೆಷ್ಟು, ಲೆಕ್ಕ ಹಾಕು. ಮೂವತ್ತೆಂಟು!

ಅವರ ನಿಜವಾದ ಕೆಲಸ ಶುರುವಾದದ್ದೇ ಅದರ ನಂತರ. ‘ತೆತ್ಸುಕೋ ನೋ ಹೆಯಾ’, ಅಂದರೆ ತೆತ್ಸುಕೋ ಅವರ ಕೋಣೆ. 1976ರ ಫೆಬ್ರವರಿ 2ರಂದು ಶುರುವಾದ ಹರಟೆಯ ಕಾರ್ಯಕ್ರಮ. ಎರಡು ಕುರ್ಚಿ, ಒಬ್ಬರು ಅತಿಥಿ, ಎದುರಿಗೆ ಕೈಬರಹದ ಟಿಪ್ಪಣಿ ಹಾಳೆಗಳು. ಅವರು ಹಾಕಿದ ಷರತ್ತನ್ನು ನೋಡು: ಎಡಿಟಿಂಗ್ ಮಾಡಕೂಡದು. ಕತ್ತರಿ ಹಾಕಿದರೆ ಆ ಮನುಷ್ಯ ಹೇಳಿದ್ದರ ಅರ್ಥವೇ ಬೇರೆಯಾಗಿಬಿಡುತ್ತದೆ. ಅತಿಥಿ ತಡವರಿಸಲಿ, ಸುಮ್ಮನಾಗಲಿ, ಕಣ್ಣೊರೆಸಿಕೊಳ್ಳಲಿ, ಎಲ್ಲ ಹಾಗೇ ಇರಬೇಕು. 2015ರ ಮೇ ತಿಂಗಳಲ್ಲಿ ಹತ್ತು ಸಾವಿರನೇ ಸಂಚಿಕೆ ಮುಗಿಯಿತು, ಅದೇ ಒಬ್ಬ ನಿರೂಪಕಿ. ಗಿನ್ನೆಸ್‌ನವರು ದಾಖಲೆಗೆ ಸೇರಿಸಿದ್ದಾರೆ.

ಈರುಳ್ಳಿಯ ಹಾಗೆ ಎತ್ತಿ ಕಟ್ಟಿದ ಅವರ ತಲೆಗೂದಲನ್ನು ನೀನು ಚಿತ್ರದಲ್ಲಿ ನೋಡಿರುತ್ತೀಯ. ಅದರೊಳಗೆ ಮಿಠಾಯಿ ಇಟ್ಟುಕೊಂಡಿರುತ್ತಾರೆ! ಮಾತಿನ ನಡುವೆ ಕೈಹಾಕಿ ಒಂದನ್ನು ತೆಗೆದು ಎದುರಿಗಿದ್ದವರಿಗೆ ಕೊಡುತ್ತಾರೆ. ಶಾಲೆಯಲ್ಲಿ ನಿನ್ನ ಲಂಗದ ಜೇಬಿನ ತುಂಬ ಹುಣಸೆಹಣ್ಣು ಇರುತ್ತಿತ್ತಲ್ಲ, ಹಾಗೆ.

ರಾತ್ರಿಯೆಲ್ಲ ನಾನು ಯೋಚಿಸಿದ್ದು ಇದನ್ನೇ. ಮೊದಲ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಆ ಮಗು ಹೊಸ ಶಾಲೆಗೆ ಬಂದ ದಿನ, ಹೆಡ್‌ಮಾಸ್ಟರ್ ಕೊಬಾಯಾಶಿ ಅಮ್ಮನನ್ನು ಮನೆಗೆ ಕಳಿಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರಲ್ಲ. ಹೇಳಬೇಕಾದ್ದನ್ನೆಲ್ಲ ಹೇಳು ಅಂದರು. ಮಗು ಹೇಳಿತು, ನಾಲ್ಕು ಗಂಟೆ. ಅವರು ಆಕಳಿಸಲಿಲ್ಲ, ಗಡಿಯಾರ ನೋಡಲಿಲ್ಲ. ಆ ನಾಲ್ಕು ಗಂಟೆಯನ್ನೇ ತೆತ್ಸುಕೋ ಹತ್ತಾರು ವರ್ಷ ತನ್ನ ಕೋಣೆಗೆ ಬಂದವರಿಗೆಲ್ಲ ಹಂಚುತ್ತಾ ಬಂದರು ಅಂತ ನನಗನ್ನಿಸುತ್ತದೆ. ದೊಡ್ಡವಳಾಗಿ ಇದೇ ಶಾಲೆಯ ಟೀಚರ್ ಆಗುತ್ತೇನೆ ಅಂತ ಮಾಸ್ತರರಿಗೆ ಮಾತು ಕೊಟ್ಟಿದ್ದಳು. ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅವಳು ಕೊಟ್ಟ ಮಾತು ಬೇರೆ ದಾರಿಯಲ್ಲಿ ನಡೆಯಿತು.

1984ರಲ್ಲಿ ಯುನಿಸೆಫ್ ರಾಯಭಾರಿಯಾದ ಮೇಲೆ ಅವರು ನಮ್ಮ ದೇಶಕ್ಕೂ ಬಂದಿದ್ದರು. ಒಂದು ಆಸ್ಪತ್ರೆಯಲ್ಲಿ ಧನುರ್ವಾಯುವಿನಿಂದ ಸೆಟೆದು ಮಲಗಿದ್ದ ಹುಡುಗನೊಬ್ಬನಿಗೆ ಧೈರ್ಯ ಹೇಳಲು ಹೋದರೆ, ಅವನು ಕಷ್ಟಪಟ್ಟು ಏನೋ ಗೊಣಗಿದ. ನರ್ಸ್ ಅದನ್ನು ತಿಳಿಸಿ ಹೇಳಿದರು: ನಿಮಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳುತ್ತಿದ್ದಾನೆ. ಇದನ್ನು ಬರೆಯುವಾಗ ನನಗೆ ಕಣ್ಣು ಮಂಜಾಯಿತು.

2023ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ, ಅವರು ತೊತ್ತೋಚಾನ್‌ನ ಮುಂದಿನ ಭಾಗವನ್ನು ಹೊರತಂದರು. ಮೊದಲನೆಯದು ಬಂದು ನಲವತ್ತೆರಡು ವರ್ಷಗಳಾಗಿದ್ದವು. ಉಕ್ರೇನಿನ ಯುದ್ಧದ ಸುದ್ದಿ ನೋಡುತ್ತಾ, ತನ್ನ ಕಾಲದ ಯುದ್ಧದಲ್ಲಿ ಮಕ್ಕಳು ಹೇಗಿದ್ದರು ಅಂತ ಬರೆದಿಡಲೇಬೇಕು ಅನ್ನಿಸಿತಂತೆ. ಸೈನಿಕರನ್ನು ಬೀಳ್ಕೊಡಲು ರೈಲ್ವೆ ನಿಲ್ದಾಣದಲ್ಲಿ ಬಾವುಟ ಬೀಸಿದರೆ ಸುಟ್ಟ ಒಣ ಬೊಂಡಾಸಿನ ಒಂದು ತುಂಡು ಸಿಗುತ್ತಿತ್ತು. ಆ ತುಂಡಿನ ಆಸೆಗೆ ಬಾವುಟ ಬೀಸಿದ್ದಕ್ಕೆ ಅವರು ಇವತ್ತಿಗೂ ನೊಂದುಕೊಳ್ಳುತ್ತಾರೆ. ಇಷ್ಟು ವರ್ಷ ಎಲ್ಲರನ್ನೂ ನಗಿಸಿದವರ ಎದೆಯಲ್ಲಿ ಅಷ್ಟು ಸಣ್ಣ ತುಂಡೊಂದು ಹಾಗೇ ಉಳಿದಿತ್ತು ನೋಡು.

2024ರ ಜುಲೈಯಲ್ಲಿ ನಮ್ಮ ನಿರೂಪಕಿ ಅಪರ್ಣಾ ತೀರಿಹೋದ ದಿನ ನೀನು ಮೆಟ್ರೋದಿಂದಲೇ ಫೋನ್ ಮಾಡಿ ಬಿಕ್ಕಿದ್ದೆ, ‘ಅವರ ದನಿ ಇನ್ನೂ ನಿಲ್ದಾಣದ ಹೆಸರು ಹೇಳ್ತಾ ಇದೆ ಅಕ್ಕಾ’ ಅಂತ. ಮುಖಕ್ಕೆ ವಯಸ್ಸು ಎಣಿಸುವವರಿಗೆ ದನಿಯ ವಯಸ್ಸು ಗೊತ್ತಾಗುವುದಿಲ್ಲ. ಆ ಚಾನೆಲ್‌ನವರು ಮಾಡಿದ್ದು ತಪ್ಪು, ಅದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ನೀನು ಈಗ ನಿನ್ನ ಮಾತನ್ನಾಗಲಿ, ಕೂದಲನ್ನಾಗಲಿ, ಯಾವುದನ್ನೂ ತಿದ್ದಿಕೊಳ್ಳಲು ಹೋಗಬೇಡ. ಸಂಬಳ ನಿಂತರೆ ಮನೆ ಬಾಡಿಗೆಗೆ ಏನು ಮಾಡುತ್ತೀಯ ಅನ್ನುವ ಚಿಂತೆ ನನಗೂ ಇದೆ. ಅದನ್ನು ಇಬ್ಬರೂ ಕೂತು ನೋಡೋಣ.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆಯೇ ಹೊರಟು ಬಾ. ಹಿತ್ತಿಲ ಕಟ್ಟೆಯ ಮೇಲೆ ಚಾಪೆ ಹಾಸಿರುತ್ತೇನೆ, ಫೋನನ್ನು ಒಳಗೆ ಇಟ್ಟಿರುತ್ತೇನೆ. ನೀನು ಹೇಳು. ನಾಲ್ಕು ಗಂಟೆಯಾದರೂ ಕೇಳುತ್ತೇನೆ.

ನಿನ್ನ
ಅಕ್ಕ