ಡ್ಯಾನ್ಯೂಬ್ ತೀರದ ಸೇಚೆನ್ಯಿ ವಂಶ

ಹಂಗೆರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರವನ್ನು ಸೇರಿದೊಡನೆ ನಾವು ಮಾಡಿದ ಮೊದಲ ಕೆಲಸವೆಂದರೆ ಅಲ್ಲಿನ ಸರಪಣಿ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿದುದು. ಕೆಳಗೆ ಡ್ಯಾನ್ಯೂಬ್ ಮಹಾನದಿ; ಪಶ್ಚಿಮಕ್ಕೆ ಬುಡಾದ ಗುಡ್ಡಗಳು, ಪೂರ್ವಕ್ಕೆ ಪೆಸ್ಟಿನ ಬಯಲು. ಎರಡು ತುದಿಗಳಲ್ಲಿಯೂ ಕಲ್ಲಿನ ಸಿಂಹಗಳು ಮಲಗಿರುವುವು. ಸೇತುವೆಗೆ ಸೇಚೆನ್ಯಿ ಎಂಬ ಕುಲೀನ ಮನೆತನದ ಹೆಸರಿರುವುದು.

ಈ ವಂಶದ ಫೆರೆಂತ್ಸ್ ಪ್ರಭುವು 1802ರಲ್ಲಿ ತನ್ನ ಗ್ರಂಥಭಂಡಾರವನ್ನು ದೇಶಕ್ಕೆ ದಾನಮಾಡಿದನು. ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಅದೇ ಮೂಲ. ಅವನು 1820ರ ಡಿಸೆಂಬರಿನಲ್ಲಿ ವಿಯೆನ್ನದಲ್ಲಿ ತೀರಿಕೊಂಡನು. ಸುದ್ದಿ ಕೇಳಿ ಹೊರಟ ಮಗ ಇಷ್ಟ್‌ವಾನನಿಗೆ ನದಿಯನ್ನು ದಾಟಲಾಗಲಿಲ್ಲ. ತೇಲುವ ಹಿಮಗಡ್ಡೆಗಳಿಗೆ ಅಂಜಿ ದೋಣಿಗಳು ನಿಂತಿದ್ದುವು. ತಂದೆಯ ಶವಸಂಸ್ಕಾರಕ್ಕೆ ಹೋಗಬೇಕಾದವನು ಒಂದು ವಾರ ದಡದಲ್ಲಿ ಕಾದನು!

ಸೇತುವೆಯನ್ನು ಕಟ್ಟಿಸಬೇಕೆಂಬ ಹಟವು ಅವನಲ್ಲಿ ಬೇರೂರಿತು. ಆದರೆ ಆ ರಾಜ್ಯದಲ್ಲಿ ಕುಲೀನರು ತೆರಿಗೆಯನ್ನಾಗಲಿ ಸುಂಕವನ್ನಾಗಲಿ ತೆರುವವರಲ್ಲ. ಭಾರವೆಲ್ಲ ಬಡವರ ಮೇಲೆ. ಇಷ್ಟ್‌ವಾನನ ಪ್ರಯತ್ನದಿಂದಾದ 1836ರ ಶಾಸನವು, ಈ ಸೇತುವೆಯನ್ನು ದಾಟುವವನು ಪ್ರಭುವಾದರೂ ಸುಂಕ ಕೊಡತಕ್ಕದ್ದೆಂದು ವಿಧಿಸಿತು. ಕಬ್ಬಿಣ ಕಲ್ಲುಗಳ ಕೆಲಸಕ್ಕಿಂತ ಇದೇ ದೊಡ್ಡದೆಂದು ನಮಗೆ ತೋರುವುದು. ನಕ್ಷೆ ಬರೆದವನು ವಿಲಿಯಂ ಕ್ಲಾರ್ಕ್, ಕಟ್ಟಿಸಿದವನು ಆಡಂ ಕ್ಲಾರ್ಕ್. ಹೆಸರೊಂದೇ ಆದರೂ ನಂಟರಲ್ಲ.

ಸಂಸ್ಕೃತ ಪಾಠ ಹೇಳಿ ಆಯುಷ್ಯ ಸವೆಸಿದ ನಮಗೆ ಅವನ ಇನ್ನೊಂದು ದಾನವೂ ಪ್ರಿಯವಾದುದು. 1825ರಲ್ಲಿ ತನ್ನ ಜಮೀನಿನ ಒಂದು ವರ್ಷದ ಆದಾಯವನ್ನು ಕೊಟ್ಟು ಹಂಗೆರಿಯ ವಿದ್ವತ್ಪರಿಷತ್ತಿಗೆ ತಳಹದಿ ಹಾಕಿದನು. ಟಿಬೆಟ್ ಭಾಷೆಯ ನಿಘಂಟನ್ನು 1834ರಲ್ಲಿ ಕಲಕತ್ತೆಯಲ್ಲಿ ಅಚ್ಚುಹಾಕಿಸಿದ ಚೋಮ ಪಂಡಿತನನ್ನು ಸದಸ್ಯನನ್ನಾಗಿ ಆರಿಸಿಕೊಂಡುದು ಈ ಪರಿಷತ್ತೇ. ಆತನ ಸಮಾಧಿ ನಮ್ಮ ಡಾರ್ಜಿಲಿಂಗಿನಲ್ಲಿರುವುದು.

1848ರ ಜುಲೈಯಲ್ಲಿ ಕಡೆಯ ಸರಪಣಿಯನ್ನು ಎತ್ತುತ್ತಿರುವಾಗ ಅದು ಕಳಚಿ ಬಿದ್ದಿತು. ನೋಡುತ್ತ ನಿಂತಿದ್ದ ಇಷ್ಟ್‌ವಾನನೂ ನೀರಿಗೆ ಬಿದ್ದು, ಈಜಿ ದಡ ಸೇರಿದನು. ಆಗ ಅವನು ಮಂತ್ರಿ. ವಿಯೆನ್ನದೊಡನೆ ಯುದ್ಧ ಒದಗುವುದೆಂಬ ಚಿಂತೆಯಿಂದ ಸೆಪ್ಟೆಂಬರಿನಲ್ಲಿ ಅವನ ಬುದ್ಧಿ ಕದಡಿತು. ವಿಯೆನ್ನದ ಬಳಿಯ ಡೋಬ್ಲಿಂಗ್ ಚಿಕಿತ್ಸಾಲಯಕ್ಕೆ ಸೇರಿಸಿದರು. 1849ರ ನವೆಂಬರ್ 20ರಂದು ಸೇತುವೆ ತೆರೆದಾಗ ಅವನು ಅಲ್ಲಿಯೇ ಇದ್ದನು. 1860ರಲ್ಲಿ ಅಲ್ಲಿಯೇ ಸ್ವಹಸ್ತದಿಂದ ಪ್ರಾಣ ಬಿಟ್ಟನು. ಪೂರ್ಣಗೊಂಡ ಸೇತುವೆಯನ್ನು ಅವನು ಒಮ್ಮೆಯೂ ದಾಟಲಿಲ್ಲ.

1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಸೇತುವೆಯನ್ನು ಸಿಡಿಸಿತು. ಜನರು ಮತ್ತೆ ಕಟ್ಟಿ, ಸರಿಯಾಗಿ ನೂರು ವರ್ಷಕ್ಕೆ, ಅದೇ ನವೆಂಬರ್ 20ರಂದು ತೆರೆದರು.

ನಾವು ಆಸ್ಟ್ರಿಯದ ಗಡಿಯ ಸಮೀಪದ ನಾಜ್ಸೆಂಕ್ ಗ್ರಾಮಕ್ಕೂ ಹೋಗಿ, ವಸ್ತುಸಂಗ್ರಹಾಲಯವಾಗಿರುವ ಅವರ ಅರಮನೆಯನ್ನೂ ಸ್ಮಶಾನದಲ್ಲಿ ಇಷ್ಟ್‌ವಾನನು ಮಲಗಿರುವ ಗೋರಿಮನೆಯನ್ನೂ ನೋಡಿದೆವು. ಹಿಂದಿರುಗಿದ ಸಂಜೆ ಸೇತುವೆಯನ್ನು ಮತ್ತೊಮ್ಮೆ ದಾಟಿದೆವು. ಈಗ ಸುಂಕವಿಲ್ಲ.