ಕೂಡಿ ನೋಡುವ ಭಾಗ್ಯ

೧೯೮೭ರ ಜನವರಿಯಲ್ಲಿ ದೂರದರ್ಶನವು ರಾಮಾನಂದ ಸಾಗರರ 'ರಾಮಾಯಣ'ವನ್ನು ಆರಂಭಿಸಿದಾಗ ದಾವಣಗೆರೆಯ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನೆರೆಹೊರೆಯವರೆಲ್ಲ ಒಂದೇ ಪಡಸಾಲೆಯಲ್ಲಿ ಕೂಡುತ್ತಿದ್ದರು. ಹಿಂದಿ ಬಾರದ ಹಿರಿಯರಿಗೆ ಓದಿದ ಹುಡುಗರು ಅರ್ಥ ಹೇಳುತ್ತಿದ್ದರು. ೨೦೨೦ರ ಲಾಕ್‌ಡೌನ್‌ನಲ್ಲಿ ಅದೇ ಧಾರಾವಾಹಿ ಮರುಪ್ರಸಾರವಾಗುವ ಹೊತ್ತಿಗೆ ಒಬ್ಬೊಬ್ಬರ ಕೈಗೂ ಮೊಬೈಲು ಬಂದಿತ್ತು. ಒಬ್ಬೊಬ್ಬರಿಗೂ ಒಂದೊಂದು ಮೂಲೆ.

ಆದರೂ ಆನ್‌ಲೈನನ್ನು ಹಳಿಯಲಾರೆ. ಹರಿಹರದಲ್ಲಿರುವ ನಮ್ಮಕ್ಕನವರು ಮಂಡಿನೋವಿನಿಂದ ಹೊಸ್ತಿಲು ದಾಟಲಾರರು. ತರಳಬಾಳು ಹುಣ್ಣಿಮೆಯ ಪ್ರವಚನಗಳನ್ನು ಹಾಸಿಗೆಯಲ್ಲಿದ್ದೇ ಮೊಬೈಲಿನಲ್ಲಿ ಆಲಿಸುತ್ತಾರೆ. ತಿಳಿಯದ ಮಾತು ಬಂದರೆ ನಿಲ್ಲಿಸಿ ಮತ್ತೆ ಕೇಳುತ್ತಾರೆ. ಹಳೆಯ ಟಿ.ವಿ.ಗೆ ಆ ಕರುಣೆ ಇರಲಿಲ್ಲ. ಆದರೆ ಮೊನ್ನೆ ಅವರೆಂದರು: "ಮನೆ ತುಂಬಾ ಮಂದಿ ಇದ್ದಾರೆ, ಕೇಳಿದ್ದನ್ನ ಮಾತಾಡಲಿಕ್ಕೆ ಯಾರೂ ಇಲ್ಲ ತಮ್ಮಾ."

ಬಸವಾದಿ ಶರಣರ ಅನುಭವ ಮಂಟಪವು ಕೇಳಿ ಎದ್ದುಹೋಗುವ ಸ್ಥಳವಾಗಿರಲಿಲ್ಲ. ಕೂಡಿ ವಿಚಾರಿಸುವ ನೆಲೆಯಾಗಿತ್ತು. ವಾರಕ್ಕೊಂದು ಸಂಜೆ ಮೊಬೈಲಿನ ಪ್ರವಚನವನ್ನೇ ಟಿ.ವಿ.ಯ ತೆರೆಗೆ ತಂದು, ಹಿರಿಯರ ಮಗ್ಗುಲಲ್ಲಿ ಮಕ್ಕಳನ್ನು ಕೂರಿಸಿ ನೋಡೋಣ. ಬಳಿಕ ಒಂದು ಗಳಿಗೆ ಆ ಕುರಿತು ಮಾತನಾಡೋಣ. ಉಪಕರಣ ಯಾವುದೇ ಇರಲಿ, ಮನೆಯೊಳಗೆ ಶಿವಾನುಭವ ಉಳಿಯಲಿ.