ಪಯಸ್ವಿನಿಯ ದಡದಲ್ಲಿ ಬೇಸಗೆ ರಜೆ

ಮಾರ್ಚ್ ಕೊನೆಯಲ್ಲಿ ವಾರ್ಷಿಕ ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದೊಡನೆ ಕಾಸರಗೋಡಿನ ಕನ್ನಡ ಶಾಲೆಗಳ ಅಂಗಳ ಬರಿದಾಗುತ್ತದೆ. ಅದೇ ಹೊತ್ತಿಗೆ ಪಯಸ್ವಿನಿಯ ದಡ ತುಂಬತೊಡಗುತ್ತದೆ. ಜೂನ್ ಆರಂಭದಲ್ಲಿ ಶಾಲೆ ಮತ್ತೆ ತೆರೆಯುವ ತನಕ, ಎರಡು ತಿಂಗಳ ಕಾಲ, ಈ ಗಡಿನಾಡಿನ ಮಕ್ಕಳ ಹಗಲೆಲ್ಲ ಕಳೆಯುವುದು ಹೊಳೆಯಲ್ಲಿ, ಗುಡ್ಡೆಯಲ್ಲಿ, ಅಡಿಕೆ ತೋಟದ ನೆರಳಿನಲ್ಲಿ. ಮಂಗಳೂರು, ಬೆಂಗಳೂರುಗಳಿಂದಲೂ ಕೊಲ್ಲಿ ನಾಡುಗಳಿಂದಲೂ ಅಜ್ಜನ ಮನೆಗೆ ಬಂದಿಳಿಯುವ ಮಕ್ಕಳು ಊರಿನ ಮಕ್ಕಳೊಡನೆ ಸೇರಿಕೊಳ್ಳುತ್ತಾರೆ. ಹಲಸಿನ ಹಪ್ಪಳ ಒಣಗುವ ಅಂಗಳಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ ಕೇಳುವ ಗದ್ದಲ ಅದು.

ಆ ಗದ್ದಲದ ನಡುವೆಯೇ ಪ್ರತಿ ಬೇಸಗೆಯಲ್ಲೂ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಬರುತ್ತದೆ. ಸ್ನಾನಕ್ಕಿಳಿದ ಬಾಲಕ, ಅವನನ್ನು ಎಳೆಯಹೋದ ಅಣ್ಣ, ಹೆಸರು, ವಯಸ್ಸು, ತರಗತಿ. ಊರು ಬದಲಾಗುತ್ತದೆ, ಸುದ್ದಿಯ ಒಕ್ಕಣೆ ಬದಲಾಗುವುದಿಲ್ಲ. ಓದಿದವರು ವಿಧಿಯೆಂದು ನಿಟ್ಟುಸಿರಿಡುತ್ತಾರೆ. ಆದರೆ ಹೊಳೆಯ ದಡದಲ್ಲೇ ಬಾಳಿದ ಹಿರಿಯರು ಅದನ್ನು ವಿಧಿಯೆಂದು ಒಪ್ಪುವುದು ಕಡಿಮೆ. ಆ ಮಗುವಿಗೆ ಜಾಗ ಗೊತ್ತಿರಲಿಲ್ಲ ಎಂಬುದು ಅವರ ಮಾತು.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾದು ಕಾಸರಗೋಡು ಜಿಲ್ಲೆಯನ್ನು ಪ್ರವೇಶಿಸುತ್ತದೆ. ದೇಲಂಪಾಡಿ, ಅಡೂರುಗಳ ಕಾಡು ತೋಟಗಳ ನಡುವೆ ಬಳುಕಿ, ಕೆಳಗೆ ಚಂದ್ರಗಿರಿ ಹೊಳೆಯೆನಿಸಿ, ಅದೇ ಹೆಸರಿನ ಕೋಟೆಯ ಬುಡದಲ್ಲಿ ಹಾದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮಳೆಗಾಲದಲ್ಲಿ ಕೆಂಪಗೆ ಮೊರೆಯುವ ಈ ನೀರಿನ ಬಳಿಗೆ ಮಕ್ಕಳು ಹೋಗುವುದಿಲ್ಲ, ಹೋಗಲು ಯಾರೂ ಬಿಡುವುದೂ ಇಲ್ಲ. ಎಪ್ರಿಲ್ ತಿಂಗಳಲ್ಲಿ ಹೊಳೆ ಸೊರಗಿ, ಬಂಡೆಗಳು ಮೇಲೆದ್ದು, ಮರಳು ದಿಬ್ಬಗಳು ಕಾಣಿಸಿಕೊಂಡು, ನೀರು ಮೊಣಕಾಲಿಗಿಳಿದಾಗ ಎಲ್ಲರ ಭಯವೂ ಇಳಿಯುತ್ತದೆ. ಅಪಾಯವಿರುವುದು ಅಲ್ಲಿಯೇ.

ಬೇಸಗೆಯ ಹೊಳೆ ಒಂದೇ ಹರಿವಲ್ಲ. ಅದು ಸಾಲಾಗಿ ನಿಂತ ಮಡುಗಳ ಸರಣಿ. ಮೊಣಕಾಲುದ್ದದ ನೀರಿನಿಂದ ಎರಡು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುವ ಗುಂಡಿ ಇರಬಹುದು. ಈ ಭಾಗದ ಜನ ಅಂಥ ಮಡುವನ್ನು ಕಯ ಎನ್ನುತ್ತಾರೆ. ತಿರುವಿನ ಹೊರಮಗ್ಗುಲಲ್ಲಿ, ದೊಡ್ಡ ಬಂಡೆಯ ಕೆಳಬದಿಯಲ್ಲಿ ಮಳೆಗಾಲದ ಸುಳಿ ಕೊರೆದಿಟ್ಟ ಹೊಂಡ ಅದು. ಹಿಂದಿನವರು ಪ್ರತಿಯೊಂದು ಕಯಕ್ಕೂ ಒಂದು ಹೆಸರಿಟ್ಟಿದ್ದರು. ಒಂದಕ್ಕೆ ಆನೆಯ ಹೆಸರು, ಇನ್ನೊಂದಕ್ಕೆ ದೈವದ ಹೆಸರು, ಮತ್ತೊಂದಕ್ಕೆ ಎಂದೋ ಅಲ್ಲಿ ಮುಳುಗಿದವನ ಹೆಸರು. ಮನೆಯ ಮಗು ಈಜು ಕಲಿಯುವ ಮೊದಲೇ ಆ ಹೆಸರುಗಳನ್ನು ಕಲಿಯುತ್ತಿತ್ತು. ಹೆಸರು ಹೇಳುವುದೆಂದರೆ ಎಚ್ಚರಿಕೆ ಹೇಳುವುದೇ ಆಗಿತ್ತು.

ಅಡೂರಿನ ಸಮೀಪ ಒಂದು ಸಂಜೆ ಹೊಳೆಗಿಳಿದ ಅಜ್ಜನೊಬ್ಬರು ಪಟ್ಟಣದಿಂದ ಬಂದ ಮೊಮ್ಮಗನನ್ನು ಮೊದಲು ನೀರಿಗೆ ಬಿಡಲಿಲ್ಲ. ದಡದ ಬಂಡೆಯ ಮೇಲೆ ಕುಳ್ಳಿರಿಸಿ ನೀರನ್ನು ನೋಡೆಂದರು.

“ಅಲ್ಲಿ ನೀರು ಯಾಕೆ ಕಪ್ಪಾಗಿದೆ ಅಜ್ಜ?”

“ಅದು ಕಯ, ಮಗಾ. ತಳ ಕಾಣುವಲ್ಲಿ ನಿನಗೆ ಆಟ. ತಳ ಕಾಣದಲ್ಲಿಗೆ ನಾನಿಲ್ಲದೆ ಹೋಗಕೂಡದು.”

ಬಳಿಕ ಅವರು ಉದ್ದದ ಬಿದಿರ ಕೋಲಿನಿಂದ ಆಳವನ್ನು ಅಳೆದು ತೋರಿಸಿದರು. ಕೋಲು ಪೂರ್ತಿ ಮುಳುಗಿದಾಗ ಹುಡುಗನ ಮುಖದಲ್ಲಿ ಮೂಡಿದ ಬೆರಗು ನೂರು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇಂಥ ಅಜ್ಜಂದಿರ ತಿಳಿವಳಿಕೆಗೂ ಇಂದು ಮಿತಿಯುಂಟು. ಮರಳು ತೆಗೆದ ಕಡೆಗಳಲ್ಲಿ ಹೊಳೆಯ ತಳ ಹಿಂದಿನಂತೆ ಉಳಿದಿಲ್ಲ. ಕಳೆದ ವರ್ಷ ಸಮತಟ್ಟಾಗಿದ್ದಲ್ಲಿ ಈ ವರ್ಷ ಹೊಂಡವಿರಬಹುದು, ಅದರ ಅಂಚಿನ ಮರಳು ಕಾಲಿಟ್ಟೊಡನೆ ಜಾರಬಹುದು. ಆದುದರಿಂದ ರಜೆಯ ಮೊದಲ ದಿನವೇ ಹಿರಿಯರೊಬ್ಬರು ಕೋಲು ಹಿಡಿದು ಇಳಿದು, ಮಕ್ಕಳು ಮೀಯುವ ಜಾಗವನ್ನು ಹೊಸದಾಗಿ ಅಳೆದು, ಗಡಿಯಾಗಿ ಒಂದು ಹಗ್ಗ ಕಟ್ಟಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹೊಳೆಗೆ ಸೇರುವ ತೋಡುಗಳದು ಬೇರೆಯದೇ ಕಥೆ. ಏತಡ್ಕದಂಥ ಊರುಗಳಲ್ಲಿ ಕೃಷಿಕರು ಮಳೆ ನಿಂತ ಮೇಲೆ ಕಲ್ಲು ಮಣ್ಣುಗಳಿಂದ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ತಡೆದ ನೀರು ನೆಲಕ್ಕಿಂಗಿ ಬಾವಿ, ಕೆರೆ, ತೋಟಗಳನ್ನು ಕಾಯುತ್ತದೆ. ಊರಿನ ಒಗ್ಗಟ್ಟಿಗೆ ಸಾಕ್ಷಿಯಾದ ಆ ಕಟ್ಟ ಮಕ್ಕಳಿಗೆ ಈಜುಕೊಳವೂ ಹೌದು. ಆದರೆ ಅದರ ತಳದಲ್ಲಿ ಕೆಸರು, ಮುರಿದ ಗೆಲ್ಲು, ಕಲ್ಲು ತುಂಬಿರುತ್ತವೆ. ಕಟ್ಟದ ಮೇಲಿನಿಂದ ತಲೆ ಕೆಳಗಾಗಿ ಹಾರಿದವನ ಕತ್ತಿನ ಮೂಳೆ ಮುರಿದರೆ ಆ ಪೆಟ್ಟು ಬಾಳಿಡೀ ಉಳಿಯುತ್ತದೆ. ಇಳಿಯುವುದಾದರೆ ಕಾಲು ಮೊದಲು, ಮೆಲ್ಲಗೆ, ದಡದಿಂದ.

ಕೆಳಗಡೆ ಬಾವಿಕ್ಕೆರೆಯ ಅಣೆಕಟ್ಟನ್ನು ದಾಟಿದ ಮೇಲೆ ಹೊಳೆಯನ್ನು ಆಳುವುದು ಸಮುದ್ರ. ಅಲ್ಲಿ ಇಳಿತದ ಹೊತ್ತಿಗೆ ನಡೆದು ದಾಟಿದ ಮರಳ ದಿಬ್ಬಕ್ಕೆ ಭರತದ ಹೊತ್ತಿಗೆ ಹಿಂದಿರುಗುವ ದಾರಿ ಇರುವುದಿಲ್ಲ. ಮಂಜೇಶ್ವರದ ಕಣ್ವತೀರ್ಥದಿಂದ ಬೇಕಲದ ತನಕದ ಕಡಲ ತೀರಕ್ಕೆ ವಿಹಾರ ಹೋಗುವ ಕುಟುಂಬಗಳು ಇನ್ನೊಂದನ್ನು ನೆನಪಿಡಬೇಕು. ಅಲೆಗಳು ಒಡೆಯುತ್ತಿರುವ ತೀರದಲ್ಲಿ ಒಂದು ಕಡೆ ಮಾತ್ರ ನೀರು ಅಲೆಯಿಲ್ಲದೆ ಶಾಂತವಾಗಿ ಕಂಡರೆ, ಅದು ತೀರದ ನೀರನ್ನು ಹಿಂದಕ್ಕೊಯ್ಯುವ ಸೆಳೆತವಿರಬಹುದು. ಅದರಲ್ಲಿ ಸಿಕ್ಕಿದವನು ದಡದತ್ತ ನೇರವಾಗಿ ಈಜಿ ದಣಿಯಬಾರದು. ತೇಲುತ್ತ, ಕೈಯೆತ್ತಿ ಸಹಾಯ ಕೇಳುತ್ತ, ದಡಕ್ಕೆ ಸಮಾನಾಂತರವಾಗಿ ಸಾಗಿ ಸೆಳೆತದ ಬದಿಗೆ ಬರಬೇಕು.

ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಾಗ ಕೂಗಲು ಎಡೆಯೆಲ್ಲಿ? ಹತ್ತು ಮಂದಿಯ ನಡುವೆ ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆದಕಾರಣ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಒಬ್ಬ ಹಿರಿಯರಿಗೆ ಬೇರೆ ಕೆಲಸವಿರಬಾರದು, ಕೈಯಲ್ಲಿ ಮೊಬೈಲೂ ಇರಬಾರದು. ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ.

ಒಬ್ಬನ ಹಿಂದೆ ಇನ್ನೊಬ್ಬ ಮುಳುಗುವ ದುರಂತವನ್ನು ತಡೆಯುವ ವಿದ್ಯೆ ಸರಳವಾದುದು: ನೀರಿಗೆ ಹಾರಬೇಡ, ಏನನ್ನಾದರೂ ಚಾಚು, ಇಲ್ಲವೇ ಎಸೆ. ಬಿದಿರ ಕೋಲು, ಪಂಚೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು ಯಾವುದೂ ಆದೀತು. ಮೇಲೆತ್ತಿದ ಮಗುವನ್ನು ತಲೆಯ ಮೇಲಿಟ್ಟು ತಿರುಗಿಸುವ, ಹೊಟ್ಟೆ ಒತ್ತಿ ನೀರು ಕಕ್ಕಿಸುವ ಹಳೆಯ ಪದ್ಧತಿ ಅಮೂಲ್ಯವಾದ ಕ್ಷಣಗಳನ್ನು ನುಂಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ ಎರಡು ಸಲ ಉಸಿರು ಕೊಡುವುದನ್ನು ಆಂಬುಲೆನ್ಸ್ ಬರುವ ತನಕ ಮುಂದುವರಿಸಬೇಕು. 108 ಮತ್ತು 112 ಎಂಬ ಸಂಖ್ಯೆಗಳು ಮನೆಯ ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ.

ಹೊಳೆಯಿಂದ ಮೇಲೇರಿದರೆ ಮುರಕಲ್ಲಿನ ಗುಡ್ಡೆ. ಇಲ್ಲಿಯ ಮನೆಗಳೆಲ್ಲ ಎದ್ದು ನಿಂತಿರುವುದು ಈ ಕೆಂಪು ಕಲ್ಲಿನಿಂದ. ಕಲ್ಲು ಕಡಿದ ಕೋರೆಗಳು ಮಾತ್ರ ಹಾಗೆಯೇ ಬಾಯ್ದೆರೆದು ಬಿದ್ದಿವೆ. ಯಂತ್ರ ಕೊಯ್ದ ಗೋಡೆಗಳು ನೆಟ್ಟಗೆ ನುಣುಪಾಗಿರುವುದರಿಂದ ಬಿದ್ದವನಿಗೆ ಹಿಡಿದು ಹತ್ತಲು ಒಂದು ಚಾಚೂ ಸಿಗದು. ಅದೇ ಕಲ್ಲನ್ನು ಅಡ್ಡಲಾಗಿ ಕೊರೆದು ನೀರು ಹುಡುಕಿದ ಸುರಂಗಗಳು ಕಾಸರಗೋಡಿನ ಹೆಮ್ಮೆ. ಬಳಕೆಯಲ್ಲಿಲ್ಲದ ಸುರಂಗದೊಳಗೆ ಗಾಳಿ ಕಡಿಮೆ, ಕುಸಿತದ ಭಯ ಹೆಚ್ಚು. ಮಕ್ಕಳಿಗೆ ಅವನ್ನು ತೋರಿಸಬೇಕು, ಅಗೆದವರ ಸಾಹಸವನ್ನು ಹೇಳಬೇಕು, ಆದರೆ ಹೊರಗೆ ನಿಂತೇ.

ಗೇರು ಗುಡ್ಡೆಗಳಲ್ಲಿ ಈ ದಿನಗಳು ಬೀಜ ಹೆಕ್ಕುವ ಸುಗ್ಗಿ. ಬೀಜವನ್ನು ಬೆಂಕಿಯಲ್ಲಿ ಸುಟ್ಟು ತಿನ್ನುವ ಸುಖ ಬಲ್ಲವರೇ ಬಲ್ಲರು. ಸುಡುವಾಗ ಸಿಪ್ಪೆಯಿಂದ ಸಿಡಿಯುವ ಎಣ್ಣೆ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆ ಕೆಲಸ ದೊಡ್ಡವರದಾಗಿರಲಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಮದ್ದಲ್ಲ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು, ಶುಚಿಯಾದ ಬಟ್ಟೆ ಮುಚ್ಚಿ, ದೊಡ್ಡ ಗಾಯವಾದರೆ ವೈದ್ಯರಲ್ಲಿಗೆ ಒಯ್ಯಬೇಕು. ತರಗೆಲೆಯ ಮೇಲೆ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಕೊಳಕುಮಂಡಲದ ಭಯವುಂಟು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ, ಮಗುವನ್ನು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯುವುದೊಂದೇ ದಾರಿ.

ವಿಷು ಕಳೆದ ಮೇಲೆ ಮಧ್ಯಾಹ್ನದ ಆಕಾಶವೂ ನಂಬುಗೆಗೆ ಅರ್ಹವಲ್ಲ. ಮೂರು ಗಂಟೆಯ ಸುಡುಬಿಸಿಲು ನಾಲ್ಕಕ್ಕೆ ಗುಡುಗಾಗುತ್ತದೆ. ಮೊದಲ ಗುಡುಗು ಕೇಳಿದೊಡನೆ ಮಕ್ಕಳು ನೀರು, ಮೈದಾನ, ಮಾವಿನ ಮರ ಮೂರನ್ನೂ ಬಿಟ್ಟು ಮನೆಯೊಳಗಿರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ಮೊದಲು ಹೊರಡಬಾರದು. ಬಿಸಿಲಿನ ವಿಚಾರದಲ್ಲಿ ಕೇರಳ ಸರಕಾರ ಬೇಸಗೆಯಲ್ಲಿ ಬಯಲಲ್ಲಿ ದುಡಿಯುವವರಿಗೆ ನಡು ಹಗಲು 12ರಿಂದ 3ರ ತನಕ ವಿರಾಮ ವಿಧಿಸುತ್ತದೆ. ದುಡಿಯುವ ಗಟ್ಟಿ ದೇಹಕ್ಕೇ ಬೇಕಾದ ನೆರಳು ಕ್ರಿಕೆಟ್ ಆಡುವ ಎಳೆಯ ದೇಹಕ್ಕೆ ಬೇಡವೇ? ಬಾಯಾರುವ ಮೊದಲೇ ಮಜ್ಜಿಗೆ, ಎಳನೀರು, ಪುನರ್ಪುಳಿ ಶರಬತ್ತು ಕುಡಿಸಬೇಕು. ಮೈ ಕೆಂಡವಾಗಿ ಮಾತು ತೊದಲಿದರೆ ಅದು ಸಾಮಾನ್ಯ ದಣಿವಲ್ಲ. ನೆರಳಿಗೆ ತಂದು, ಮೈಯನ್ನೆಲ್ಲ ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಧಾವಿಸಬೇಕು.

ಇವೆಲ್ಲ ಮನೆಯೊಳಗಿನ ಎಚ್ಚರ. ಮನೆಯ ಹೊರಗೂ ಒಂದು ಹೊಣೆಯಿದೆ. ಹೊಳೆಯ ಕೆಲವು ಕಡೆ ಅಪಾಯ ಸೂಚಿಸುವ ಫಲಕಗಳುಂಟು. ಅವುಗಳಲ್ಲಿ ಕನ್ನಡವಿಲ್ಲದ ಫಲಕ ಕಂಡಾಗ ಗಡಿನಾಡಿನವರು ಅದನ್ನು ಭಾಷಾಭಿಮಾನದ ವಿಷಯವಾಗಿ ಮಾತ್ರ ಕಾಣುವುದುಂಟು. ವಾಸ್ತವವಾಗಿ ಅದು ಜೀವದ ವಿಷಯ. ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಯ ಮಗುವಿಗೆ ತಾನು ಓದಲಾರದ ಲಿಪಿಯಲ್ಲಿರುವ ಎಚ್ಚರಿಕೆ ಬರಿಯ ಹಲಗೆ.

ಈ ಕೊರತೆಗೆ ಕಾನೂನಿನಲ್ಲಿ ದಾರಿಯಿದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ವ್ಯಕ್ತಿಯೂ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ಆಯಾ ರಾಜ್ಯದ ಬಳಕೆಯ ಭಾಷೆಯಲ್ಲಿ ಅಧಿಕಾರಿಗಳಿಗೆ ಸಲ್ಲಿಸಬಹುದು. ಕೇರಳದ 1969ರ ರಾಜಭಾಷಾ ಕಾಯ್ದೆಯೂ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಲು ಅವಕಾಶ ನೀಡುತ್ತದೆ. ಶಾಲೆಯ ರಕ್ಷಕ ಶಿಕ್ಷಕ ಸಂಘವೊಂದು ಕಯಗಳಿರುವ ಕಡವುಗಳ ಪಟ್ಟಿಯೊಂದಿಗೆ ಕನ್ನಡ ಫಲಕ ಬೇಕೆಂದು ಪಂಚಾಯತಿಗೆ ಕನ್ನಡದಲ್ಲೇ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಕಾಪಿಡಬೇಕು. ಬೇಲಿಯಿಲ್ಲದ ಕೋರೆಯ ವಿಚಾರಕ್ಕೂ ಇದೇ ಕ್ರಮ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿತೆಂದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಶಿಕ್ಷೆಯುಂಟು. ತೆರೆದ ಕೊಳವೆಬಾವಿಗಳನ್ನು ಮುಚ್ಚುವ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ಕಟ್ಟುನಿಟ್ಟಿನ ನಿರ್ದೇಶನ ನೀಡಿದೆ. ಆದರೆ ಶಿಕ್ಷೆಯ ಮಾತು ಬರುವುದು ಎಲ್ಲ ಮುಗಿದ ಮೇಲೆ. ಯಾವ ತೀರ್ಪೂ ಮಗುವನ್ನು ಮನೆಗೆ ಮರಳಿಸದು. ಒಂದು ಪುಟದ ಮನವಿಗೆ ರಜೆಯ ಮೊದಲೇ ಹೆಚ್ಚಿನ ಬೆಲೆ.

ಫಲಕ ಬರುವ ತನಕ ಕಾಯಬೇಕಾಗಿಲ್ಲ. ಅಡೂರಿನ ಆ ಹುಡುಗ ಮರುದಿನ ನೋಟುಪುಸ್ತಕದ ಹಾಳೆಯಲ್ಲಿ ಹೊಳೆಯ ಚಿತ್ರ ಬರೆದ. ಅಜ್ಜ ಹೇಳಿದ ಕಯಗಳನ್ನೆಲ್ಲ ಕಪ್ಪು ಬಣ್ಣದ ಸುತ್ತುಗಳಾಗಿ ಗುರುತಿಸಿ, ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಅವುಗಳ ಹೆಸರು ಬರೆದ. ಎರಡು ಕಯಗಳ ಹೆಸರು ಅಜ್ಜನಿಗೂ ನೆನಪಿರಲಿಲ್ಲ. ಸಂಜೆ ಅವರಿಬ್ಬರೂ ಆ ಹಾಳೆಯನ್ನು ಹಿಡಿದು, ಹೆಸರು ಕೇಳಲೆಂದು ಆಚೆ ದಡದ ಮುದುಕಿಯ ಮನೆಗೆ ಹೊರಟರು. ಹೊಳೆಯನ್ನು ದಾಟಿದ್ದು ತಳ ಕಾಣುವ ಜಾಗದಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು.